ಕೊಳ್ಳುವವನ ನೆನಪಿರಲಿ

"ಪಾತ್ರೆ ಮೇಲೆ ಹೆಸರು ಹಾಕ್ಸಿದಾರೆ ನೋಡು," ಅಂದಳು ಅಮ್ಮ.

2015ರ ಮಾರ್ಚ್. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಒಂದು ಗಾಜಿನ ಬಟ್ಟಲಿನ ಮುಂದೆ ನಾವಿಬ್ಬರೂ ನಿಂತಿದ್ದೆವು. ತಂಗಿಯ ಬಾಣಂತನಕ್ಕೆ ಬಂದಿದ್ದ ಅಮ್ಮ ಚಳಿಗಾಲ ಪೂರ್ತಿ ನ್ಯೂಜೆರ್ಸಿಯ ಮನೆಯೊಳಗೇ ಕಳೆದಿದ್ದಳು. ಮಗುವಿಗೆ ಮೂರು ತಿಂಗಳು ತುಂಬಿತ್ತು. ಒಂದು ದಿನವಾದರೂ ಹೊರಗೆ ಬಾ ಅಂತ ಒತ್ತಾಯ ಮಾಡಿ ರೈಲು ಹತ್ತಿಸಿಕೊಂಡು ಬಂದಿದ್ದೆ. ಆಗ ಅಲ್ಲಿ ಎನ್ನಿಯೋನ್ ಎಂಬ ಗಾಜುಗಾರನ ಕೆಲಸದ ಪ್ರದರ್ಶನ ನಡೆಯುತ್ತಿತ್ತು. ರೋಮನ್ ಸಾಮ್ರಾಜ್ಯದವನು, ಕ್ರಿ.ಶ. ಮೊದಲನೇ ಶತಮಾನದವನು. ಈಗಿನ ಲೆಬನಾನ್‌ನ ಕಡಲತೀರದ ಸಿಡೋನ್‌ನಲ್ಲಿ ಅವನು ಕೆಲಸ ಮಾಡಿದ ಎಂದು ಹೆಚ್ಚಿನ ವಿದ್ವಾಂಸರು ನಂಬುತ್ತಾರೆ. ನಾವು ನೋಡುತ್ತಿದ್ದ ಬಟ್ಟಲು ಎರಡು ಅಂಗೈ ಸೇರಿಸಿದರೆ ಹಿಡಿಸುವಷ್ಟು. ಬುಡದಲ್ಲಿ ಸಾಲು ಸಾಲು ಉಬ್ಬು ಪಟ್ಟೆ, ಮೇಲೆ ಬಳ್ಳಿಯ ಚಿತ್ತಾರ. ನಡುವೆ ಒಂದು ಪುಟ್ಟ ಚೌಕಟ್ಟು. ಅದರೊಳಗೆ ಗಾಜಿನಲ್ಲೇ ಮೂಡಿದ ಅಕ್ಷರಗಳು. ಅಮ್ಮನಿಗೆ ಗ್ರೀಕ್ ಬರುವುದಿಲ್ಲ, ನನಗೂ ಬರುವುದಿಲ್ಲ. ಆದರೆ ಪಾತ್ರೆಯ ಮೇಲೆ ಅಕ್ಷರ ಕಂಡರೆ ಅದು ಏನು ಅಂತ ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ನಮ್ಮ ಕಡೆ ಹುಟ್ಟಿ ಬೆಳೆದ ಯಾರಿಗಾದರೂ ಹಾಗೇ ಅಲ್ವಾ? ನಮ್ಮ ಮನೆಯ ಅಟ್ಟದ ಮೇಲಿರುವ ಹಿತ್ತಾಳೆ ಕೊಳಗದ ಮೇಲೆ ಅಜ್ಜಿಯ ತವರಿನವರ ಹೆಸರಿದೆ. ಚಾಣದಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದದ್ದು. ಸ್ಟೀಲ್ ಬಂದ ಮೇಲೆ ಪಾತ್ರೆ ಅಂಗಡಿಯಲ್ಲೇ ಟರ್‍ರ್ ಅನ್ನುವ ಪುಟ್ಟ ಮೆಷಿನ್ ಬಂತು. ತಟ್ಟೆ, ಲೋಟ, ಡಬ್ಬಿ, ಜಾಲರಿ ಸೌಟು, ಯಾವುದನ್ನೂ ಅಮ್ಮ ಹೆಸರಿಲ್ಲದೆ ಮನೆಗೆ ತಂದವಳಲ್ಲ. ಯಾರ ಗೃಹಪ್ರವೇಶ, ಯಾರು ಕೊಟ್ಟಿದ್ದು, ಯಾವ ತಾರೀಕು, ಎಲ್ಲ ಪಾತ್ರೆಯ ಅಂಚಿನಲ್ಲೇ ಇರುತ್ತೆ. ತೀರಿಹೋದವರ ನೆನಪಿಗೆ ಹಂಚಿದ ಲೋಟಗಳೂ ಇವೆ. ಆದರೆ ಆ ಪಾತ್ರೆ ಮಾಡಿದವರ ಹೆಸರು? ಅದನ್ನು ನಾನು ಯಾವತ್ತೂ ಹುಡುಕಿರಲಿಲ್ಲ. ಹುಡುಕಬೇಕು ಅಂತ ಅನಿಸಿಯೂ ಇರಲಿಲ್ಲ.

"ಇದು ಕೊಂಡವರ ಹೆಸರಲ್ಲಮ್ಮ, ಮಾಡಿದವನ ಹೆಸರು," ಅಂದೆ. ಪಕ್ಕದ ಫಲಕ ಓದಿ ಹೇಳಿದೆ. ಒಂದು ಮುಖದಲ್ಲಿ 'ಎನ್ನಿಯೋನ್ ಮಾಡಿದ್ದು' ಅಂತ ಇದೆ. ತಿರುಗಿಸಿದರೆ ಇನ್ನೊಂದು ಮುಖದಲ್ಲಿ ಅಂಥದ್ದೇ ಚೌಕಟ್ಟು, ಅದರಲ್ಲಿ 'ಕೊಳ್ಳುವವನ ನೆನಪಿರಲಿ' ಅಂತ ಇದೆ. ಅಮ್ಮ ಬಟ್ಟಲಿನ ಸುತ್ತ ಒಂದು ಸುತ್ತು ಬಂದಳು. ಪ್ರದಕ್ಷಿಣೆ ಹಾಕುವವರ ಹಾಗೆ, ನಿಧಾನಕ್ಕೆ. ಆಮೇಲೆ ಕೇಳಿದಳು, "ಅದ್ಸರಿ, ಆ ಕೊಂಡ್ಕೊಂಡೋನ ಹೆಸರೆಲ್ಲಿ?"

ಎಲ್ಲೂ ಇಲ್ಲ. ಫಲಕದಲ್ಲಿ ಇನ್ನೊಮ್ಮೆ ನೋಡಿದೆ. ಅಷ್ಟೇ ಇರುವುದು. 'ಕೊಳ್ಳುವವನು.'

"ಹೆಸರಿಲ್ದೆ ಯಾರನ್ನ ಅಂತ ನೆನಪಿಟ್ಕೊಳ್ಳೋದು?" ಅಂದಳು. ಆಮೇಲೆ ಕಾಲು ನೋವು ಅಂತ ಬೆಂಚು ಹುಡುಕಿಕೊಂಡು ಹೋದಳು. ನಾನು ಮಾತ್ರ ಆ ಪ್ರಶ್ನೆಯಿಂದ ಇನ್ನೂ ಎದ್ದು ಬಂದಿಲ್ಲ.

ಮರಳು, ಸೋಡಾ, ಉಸಿರು

ಗಾಜು ಊದುವುದು ಎಷ್ಟು ಹಳೆಯದು ಅಂತ ನಾನು ತಪ್ಪು ತಿಳಿದಿದ್ದೆ. ಗಾಜು ಬಹಳ ಹಳೆಯದು. ಊದುವುದು ಅಲ್ಲ. ಸಾವಿರದ ಐನೂರು ವರ್ಷ ಮನುಷ್ಯರು ಗಾಜಿನ ಪಾತ್ರೆಗಳನ್ನು ಊದದೆಯೇ ಮಾಡಿದ್ದಾರೆ. ಮಣ್ಣಿನ ಉಂಡೆಯ ಸುತ್ತ ಕರಗಿದ ಗಾಜನ್ನು ಸುತ್ತಿ, ಆರಿದ ಮೇಲೆ ಒಳಗಿನ ಮಣ್ಣು ಕೆರೆದು ತೆಗೆಯುತ್ತಿದ್ದರು. ಒಂದೊಂದು ಸುಗಂಧದ ಸೀಸೆಗೂ ಅಷ್ಟು ಪಾಡು. ಊದುವುದು ಶುರುವಾಗಿದ್ದು ಕ್ರಿ.ಪೂ. ಮೊದಲನೇ ಶತಮಾನದ ನಡುವೆ, ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯಲ್ಲಿ. ಇದಕ್ಕೆ ಸಿಕ್ಕಿರುವ ಎಲ್ಲಕ್ಕಿಂತ ಹಳೆಯ ಗುರುತು ಜೆರುಸಲೇಮಿನದು. ಅಲ್ಲಿನ ಯಹೂದಿ ಬಡಾವಣೆಯಲ್ಲಿ ಪುರಾತತ್ವಜ್ಞ ನಾಹ್ಮನ್ ಅವಿಗಾದ್ 1969ರಿಂದ ಅಗೆತ ನಡೆಸಿದರು. ಶುದ್ಧಿಸ್ನಾನದ ಒಂದು ಹಳೆಯ ಕೊಳಕ್ಕೆ ಸುರಿದ ಕಸದಲ್ಲಿ ಗಾಜಿನ ಕೆಲಸದ ಚೂರುಗಳು ಸಿಕ್ಕವು. ಅವುಗಳಲ್ಲಿ ಗಾಜಿನ ಸಣ್ಣ ಕೊಳವೆಗಳಿದ್ದವು. ಕೆಲವು ಕೊಳವೆಗಳ ಒಂದು ತುದಿ ಮುಚ್ಚಿತ್ತು, ಅಲ್ಲಿ ಪುಟ್ಟದಾಗಿ ಉಬ್ಬಿತ್ತು. ಕಬ್ಬಿಣದ ಊದುಕೊಳವೆ ಇನ್ನೂ ಬಂದಿರಲಿಲ್ಲ. ಯಾರೋ ಗಾಜಿನ ಕೊಳವೆಯ ತುದಿಯನ್ನೇ ಬಿಸಿ ಮಾಡಿ, ಚಿವುಟಿ ಮುಚ್ಚಿ, ಇನ್ನೊಂದು ತುದಿಗೆ ಬಾಯಿಟ್ಟು ಊದಿ ನೋಡಿದ್ದರು.

ನನಗೆ ಆ ಕಸದ ರಾಶಿ ತುಂಬ ಇಷ್ಟ. ಒಂದು ದೊಡ್ಡ ಬದಲಾವಣೆಯ ಮೊದಲ ಗುರುತು ಅರಮನೆಯಲ್ಲಿ ಸಿಗಲಿಲ್ಲ. ಕೆಟ್ಟುಹೋದ ಕೆಲಸವನ್ನು ಎಸೆದ ಜಾಗದಲ್ಲಿ ಸಿಕ್ಕಿತು.

ಗಾಜು ಮಾಡುವವರು ಮತ್ತು ಗಾಜಿನಿಂದ ಪಾತ್ರೆ ಮಾಡುವವರು ಆಗ ಬೇರೆ ಬೇರೆ. ಈಗಿನ ಇಸ್ರೇಲಿನ ಅಕ್ಕೋ ಊರಿನ ಹತ್ತಿರ ಬೆಲೂಸ್ ಎಂಬ ಪುಟ್ಟ ನದಿ ಸಮುದ್ರ ಸೇರುತ್ತದೆ. ಅಲ್ಲಿನ ಮರಳಿಗೆ ಈಜಿಪ್ಟಿನಿಂದ ತಂದ ನ್ಯಾಟ್ರಾನ್, ಅಂದರೆ ಒಣಗಿದ ಕೆರೆಗಳಲ್ಲಿ ತಾನಾಗೇ ಗಟ್ಟಿಯಾಗುವ ಸೋಡಾ, ಬೆರೆಸಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿದರೆ ಗಾಜು. ಆ ಮರಳಿನಲ್ಲಿ ಕಪ್ಪೆಚಿಪ್ಪಿನ ಪುಡಿ ಇತ್ತು. ಅದರ ಸುಣ್ಣವೇ ಗಾಜನ್ನು ನೀರಿಗೆ ಕರಗದ ಹಾಗೆ ಗಟ್ಟಿ ಮಾಡುತ್ತಿತ್ತು. ಒಂದು ಕಿಲೋಮೀಟರೂ ಇಲ್ಲದ ಆ ತೀರವೇ ಎಷ್ಟೋ ತಲೆಮಾರು ಗಾಜು ಕೊಟ್ಟಿತು ಅಂತ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ದೊಡ್ಡ ಕುಲುಮೆಗಳಲ್ಲೇ ಹಾಸುಗಲ್ಲಿನಂತೆ ಗಾಜನ್ನು ಆರಿಸಿ, ಒಡೆದು, ಗಟ್ಟಿಗಳಾಗಿ ಮಾರುತ್ತಿದ್ದರು. ಆ ಹಸಿ ಗಾಜು ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಗೂ ಬಂದಿದೆ. ಮೊದಲನೇ ಶತಮಾನದ ಗ್ರೀಕ್ ವರ್ತಕನೊಬ್ಬನ ಕೈಪಿಡಿಯಲ್ಲಿ ಭರೂಚ್ ಮತ್ತು ಮುಜಿರಿಸ್ ಬಂದರುಗಳಿಗೆ ಬರುವ ಸರಕಿನ ಪಟ್ಟಿ ಇದೆ, ಅದರಲ್ಲಿ ಹಸಿ ಗಾಜೂ ಇದೆ.

ಊದುವುದು ಕಲಿತ ಮೇಲೆ ಗಾಜು ಅಗ್ಗವಾಯಿತು. ರೋಮ್ ನಗರದಲ್ಲಿ ಒಂದು ತಾಮ್ರದ ಕಾಸಿಗೆ ಗಾಜಿನ ಬಟ್ಟಲು ಸಿಗುತ್ತೆ ಅಂತ ಆ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದ. ಒಂದೆರಡು ತಲೆಮಾರಿನೊಳಗೆ, ಅಂದರೆ ಕ್ರಿ.ಶ. 25ರ ಸುಮಾರಿಗೆ, ಯಾರಿಗೋ ಹೊಳೆಯಿತು. ಬರೀ ಗಾಳಿಯಲ್ಲಿ ಊದುವ ಬದಲು ಅಚ್ಚಿನೊಳಗೆ ಊದಿದರೆ? ಆಕಾರವೂ ಚಿತ್ತಾರವೂ ಒಂದೇ ಉಸಿರಿನಲ್ಲಿ ಬರುತ್ತದಲ್ಲ?

ಸಕ್ಕರೆ ಅಚ್ಚಿನ ಗೆರೆ

ಅಮ್ಮ ಊರಿಗೆ ಹೋದ ಮೇಲೆ, ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾರ್ನಿಂಗ್‌ಗೆ ಹೋದೆ. ನ್ಯೂಯಾರ್ಕ್ ರಾಜ್ಯದ ಆ ಕಡೆ ಮೂಲೆಯಲ್ಲಿರುವ ಸಣ್ಣ ಊರು. ಅಲ್ಲಿನ ಗಾಜಿನ ಮ್ಯೂಸಿಯಂನಲ್ಲಿ ಎನ್ನಿಯೋನ್‌ನ ಪಾತ್ರೆಗಳ ಪ್ರದರ್ಶನ ಇತ್ತು. ಅಲ್ಲೇ ಜನರೆದುರು ಗಾಜು ಊದಿ ತೋರಿಸುತ್ತಾರೆ. ಕುಲುಮೆಯ ಬಾಯಿ ಕಿತ್ತಳೆ ಬಣ್ಣಕ್ಕೆ ಉರಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಕುಳಿತವರ ಮುಖಕ್ಕೂ ಕಾವು ಬಡಿಯುತ್ತಿತ್ತು. ಊದಿದ್ದು ಒಬ್ಬಳು ಹುಡುಗಿ. ಉದ್ದ ಕೊಳವೆಯ ತುದಿಗೆ ಗಾಜನ್ನು ಜೇನು ಸುತ್ತಿಕೊಂಡ ಹಾಗೆ ಸುತ್ತಿಕೊಂಡಳು. ಕೊಳವೆಯನ್ನು ಒಂದು ಕ್ಷಣವೂ ತಿರುಗಿಸದೆ ಬಿಡುವಂತಿಲ್ಲ. ಬಿಟ್ಟರೆ ಗಾಜು ಜೋತು ಬೀಳುತ್ತೆ. ಸ್ವಲ್ಪ ಊದಿ ಸಣ್ಣ ಬುರುಡೆ ಮಾಡಿಕೊಂಡಳು. ಆಮೇಲೆ ಎತ್ತರದ ಕಟ್ಟೆ ಹತ್ತಿ ನಿಂತಳು. ಕೆಳಗೆ ಇನ್ನೊಬ್ಬ ಹುಡುಗ ಕುಕ್ಕರಗಾಲಲ್ಲಿ ಕುಳಿತು ಎರಡು ಹೋಳಿನ ಅಚ್ಚನ್ನು ತೆರೆದು ಹಿಡಿದಿದ್ದ. ಅವಳು ಬುರುಡೆಯನ್ನು ಒಳಗೆ ಇಳಿಬಿಟ್ಟಳು. ಅವನು ಅಚ್ಚು ಮುಚ್ಚಿದ. ಅವಳು ಊದಿದಳು. ಕೆನ್ನೆ ಒಮ್ಮೆ ಉಬ್ಬಿತು, ಅಷ್ಟೇ. ಮೂರು ನಾಲ್ಕು ಸೆಕೆಂಡು. ಅವನು ಅಚ್ಚು ತೆರೆದ. ಒಳಗಿನಿಂದ ಪಟ್ಟೆ ಪಟ್ಟೆಯ ಹೊಳೆಯುವ ಸೀಸೆ ಮೇಲೆ ಬಂತು. ಜನ ಚಪ್ಪಾಳೆ ತಟ್ಟಿದರು.

ನಾನು ಚಪ್ಪಾಳೆ ತಟ್ಟುವುದನ್ನು ಮರೆತಿದ್ದೆ. ಸಂಕ್ರಾಂತಿಯ ಹಿಂದಿನ ರಾತ್ರಿ ನಮ್ಮ ಅಡುಗೆಮನೆ ಕಣ್ಣ ಮುಂದೆ ಬಂದಿತ್ತು. ಸಕ್ಕರೆ ಅಚ್ಚು ಹೊಯ್ಯುವ ಮರದ ಅಚ್ಚುಗಳನ್ನು ಮಧ್ಯಾಹ್ನವೇ ನೀರಲ್ಲಿ ನೆನೆಹಾಕಬೇಕು. ಎರಡೆರಡು ಹೋಳು ಜೋಡಿಸಿ ಬಿಗಿಯಾಗಿ ದಾರ ಕಟ್ಟುವುದು ನನ್ನ ಕೆಲಸ. ಅಮ್ಮ ಪಾಕವನ್ನು ಕದಡಿ, ಹದ ನೋಡಿ, ತೂತಿನೊಳಗೆ ಹೊಯ್ಯುತ್ತಿದ್ದಳು. ಆರಿದ ಮೇಲೆ ಬಿಚ್ಚಿದರೆ ನವಿಲು, ಗೋಪುರ, ಬಾಳೆಗೊನೆ. ನಾನು ದಾರ ಸಡಿಲವಾಗಿ ಕಟ್ಟಿದ್ದರೆ ನವಿಲಿನ ಬೆನ್ನ ಮೇಲೆ ಸಣ್ಣ ರೆಕ್ಕೆಯಂತೆ ಸಕ್ಕರೆ ಹೊರಚಾಚಿಕೊಂಡಿರುತ್ತಿತ್ತು. ಅಮ್ಮ ಚಾಕುವಿನಿಂದ ಅದನ್ನು ಹೆರೆದು ಸರಿಮಾಡುತ್ತಿದ್ದಳು. ಹಾಗಾಗಿ ಅಚ್ಚಿನಲ್ಲಿ ಊದಿದ ಯಾವ ಗಾಜು ನೋಡಿದರೂ ನನ್ನ ಕಣ್ಣು ಮೊದಲು ಹುಡುಕುವುದು ಆ ಜೋಡಣೆಯ ಗೆರೆಯನ್ನು. ಎರಡು ಹೋಳು ಎಲ್ಲಿ ಸೇರಿವೆ ಅಂತ ಗಾಜು ಸುಳ್ಳು ಹೇಳುವುದಿಲ್ಲ.

ರೋಮನ್ ಗಾಜಿನಲ್ಲಿ ಬಹಳಷ್ಟು ಕಡೆ ಈ ಗೆರೆ ಎದ್ದು ಕಾಣುತ್ತದೆ. ಮನುಷ್ಯನ ಮುಖದ ಆಕಾರದ ಸೀಸೆಗಳಲ್ಲಿ ಅದು ಕಿವಿಯ ಮೇಲೆ ಹಾದುಹೋಗುತ್ತದೆ. ದ್ರಾಕ್ಷಿಗೊಂಚಲಿನ ಸೀಸೆಯಲ್ಲಿ ಎರಡು ಬದಿಯಲ್ಲಿ ಇಳಿಯುತ್ತದೆ. ಖರ್ಜೂರದ ಆಕಾರದ ಪುಟ್ಟ ಸೀಸೆಗಳಿವೆ, ಕಂದು ಬಣ್ಣದವು, ಸುಕ್ಕು ಸುಕ್ಕಾದ ಸಿಪ್ಪೆಯ ಸಮೇತ. ಇವು ನನಗೆ ಎಲ್ಲಕ್ಕಿಂತ ಪ್ರಿಯ. ಅಲ್ಲಿ ಸುಕ್ಕಿನ ನಡುವೆ ಗೆರೆ ಅರ್ಧ ಮರೆಯಾಗಿಬಿಡುತ್ತದೆ. ಸಿಹಿಗೆ, ಶುಭಕ್ಕೆ ಒಬ್ಬರಿಗೊಬ್ಬರು ಕೊಡುತ್ತಿದ್ದ ಹಣ್ಣಿನ ಆಕಾರದಲ್ಲೇ ಸುಗಂಧತೈಲ ತುಂಬಿ ಕೊಟ್ಟಿದ್ದಾರೆ. ಎನ್ನಿಯೋನ್ ಮಾತ್ರ ಬೇರೆ ದರ್ಜೆಯವನು. ಅವನ ಅಚ್ಚುಗಳಲ್ಲಿ ಮೂರೋ ನಾಲ್ಕೋ ಹೋಳು. ಪ್ರತಿ ಹೋಳು ಸೇರುವ ಜಾಗದಲ್ಲಿ ಚಿತ್ತಾರದ್ದೇ ಒಂದು ಲಂಬ ಗೆರೆಯೋ ಬಳ್ಳಿಯ ತಿರುವೋ ಬರುವ ಹಾಗೆ ಕೊರೆದಿದ್ದಾನೆ. ಗೆರೆ ಇದೆ, ಆದರೆ ಅದು ಚಿತ್ತಾರದ ಪಾಲಾಗಿದೆ. ಹತ್ತು ನಿಮಿಷ ನಿಂತರೂ ನನಗೆ ಅದು ಸಿಗಲಿಲ್ಲ.

ಹುಡುಗಿ ಕೆಳಗಿಳಿದು ಬಂದ ಮೇಲೆ ಜನ ಪ್ರಶ್ನೆ ಕೇಳಿದರು. ನಾನೂ ಕೇಳಿದೆ. ಅಚ್ಚು ಮುಚ್ಚಿದ ಮೇಲೆ ಒಳಗೆ ಏನಾಗ್ತಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಕಾಣುವುದಿಲ್ಲ, ಉಸಿರಿಗೆ ಗೊತ್ತಾಗುತ್ತೆ, ಅಂದಳು. ಗಾಜು ಮೆತ್ತಗಿರುವಾಗ ಉಸಿರು ಸಲೀಸಾಗಿ ಹೋಗುತ್ತದಂತೆ. ಅಚ್ಚಿಗೆ ತಾಗಿದ ಕೂಡಲೇ ಗೋಡೆಗೆ ಊದಿದ ಹಾಗೆ ಬಾಯಿಗೆ ಮರಳಿ ಒತ್ತುತ್ತದಂತೆ. ಮೆಲ್ಲಗೆ ಊದಿದರೆ ಚಿತ್ತಾರ ಮಸುಕಾಗುತ್ತೆ. ಜೋರಾಗಿ ಊದಿದರೆ ಗಾಜು ತೆಳುವಾಗಿ, ಹೋಳುಗಳ ಸಂದಿಗೆ ನುಗ್ಗುತ್ತೆ. ಕುಲುಮೆಯಿಂದ ತೆಗೆದು ಒಂದೆರಡು ಕ್ಷಣ ತಡವಾದರೂ ಅಕ್ಷರ ಮೂಡುವುದಿಲ್ಲ.

'ಅಕ್ಷರ ಮೂಡುವುದಿಲ್ಲ' ಅಂದಾಗ ನನಗೆ ಮಾರ್ಚ್ ತಿಂಗಳ ಆ ಬಟ್ಟಲು ನೆನಪಾಯಿತು. ಎನ್ನಿಯೋನ್ ಅಂತ ಅಷ್ಟು ಸ್ಪಷ್ಟವಾಗಿ ಮೂಡಬೇಕಾದರೆ ಯಾರದೋ ಉಸಿರು ಸರಿಯಾದ ಹೊತ್ತಿಗೆ ಸರಿಯಾದ ಬಿಗಿಯಲ್ಲಿ ಒಳಗೆ ಹೋಗಿರಬೇಕು. ಆ ಉಸಿರು ಯಾರದು?

ಹೆಸರು ಮತ್ತು ಉಸಿರು

ಎನ್ನಿಯೋನ್ ತಾನೇ ಊದಿದ್ದಿರಬಹುದು. ಅಚ್ಚು ಕೊರೆದವನು ಮಾತ್ರ ಇರಬಹುದು. ಎರಡೂ ಅಲ್ಲದೆ, ಹತ್ತು ಜನ ದುಡಿಯುವ ಕಾರ್ಖಾನೆಯ ಯಜಮಾನನೂ ಇರಬಹುದು. ವಿದ್ವಾಂಸರು ಮೂರನ್ನೂ ಹೇಳಿದ್ದಾರೆ. ನನಗೆ ಅಚ್ಚಿನ ಕಡೆಗೇ ಒಲವು. ಕಾರಣ, ಹೆಸರು ಇರುವುದು ಅಚ್ಚಿನಲ್ಲಿ. ಊದುವವನು ಪ್ರತಿ ಸಲ ಬರೆಯುವುದಿಲ್ಲ. ಒಂದು ಸಲ ಕೊರೆದಿಟ್ಟರೆ ಅಚ್ಚು ಸವೆಯುವ ತನಕ ಹೆಸರು ತಾನಾಗೇ ಮೂಡುತ್ತಲೇ ಇರುತ್ತದೆ. ನಮ್ಮ ಹೊಯ್ಸಳ ರೂವಾರಿಗಳೂ ಸಹಿ ಹಾಕಿದವರೇ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತೆ. ಆದರೆ ಅಲ್ಲಿ ಒಂದೊಂದು ಸಹಿಗೂ ಉಳಿ ಒಂದೊಂದು ಸಲ ಕಲ್ಲನ್ನು ಮುಟ್ಟಿದೆ. ಇಲ್ಲಿ ಹಾಗಲ್ಲ. ಎನ್ನಿಯೋನ್ ಮಲಗಿದ್ದಾಗಲೂ, ಬೇರೆ ಊರಿಗೆ ಹೋದಾಗಲೂ, ಸತ್ತ ಮೇಲೂ ಅವನ ಹೆಸರು ಹೊಸ ಗಾಜಿನ ಮೇಲೆ ಮೂಡಬಹುದಿತ್ತು.

ಅವನು ಬಳಸಿದ ಕ್ರಿಯಾಪದವೂ ಹಾಗೇ ಇದೆ. 'ಎಪೊಯೇಯಿ.' ಮಾಡಿದ ಅಂತಲ್ಲ, 'ಮಾಡುತ್ತಿದ್ದ' ಅಂತ. ಕೆಲಸ ಇನ್ನೂ ಮುಗಿದಿಲ್ಲ ಅನ್ನುವ ರೂಪ. ಆಪೆಲ್ಲೆಸ್‌ನಂಥ ದೊಡ್ಡ ಚಿತ್ರಕಾರರು ವಿನಯದಿಂದ ಇದೇ ರೂಪ ಬಳಸುತ್ತಿದ್ದರು, ತಮ್ಮ ಕೆಲಸವನ್ನು ಇನ್ನೂ ತಿದ್ದಬಹುದು ಅನ್ನುವ ಭಾವದಲ್ಲಿ, ಅಂತ ಪ್ಲಿನಿ ಹೇಳುತ್ತಾನೆ. ಎನ್ನಿಯೋನ್‌ನ ದಾರಿ ಹಿಡಿದು ಅಚ್ಚಿನಲ್ಲಿ ಹೆಸರು ಹಾಕಿದ ಬೇರೆಯವರಿದ್ದಾರೆ: ಜೇಸನ್, ಮೆಗೆಸ್, ನೈಕೈಸ್. ಅವರು 'ಮಾಡಿದ' ಅಂತಲೇ ಬರೆದಿದ್ದಾರೆ. ಅರಿಸ್ಟೆಯಾಸ್ ಎಂಬವನು ತಾನು ಸೈಪ್ರಸ್‌ನವನು ಅಂತ ಊರನ್ನೂ ಸೇರಿಸಿದ್ದಾನೆ. ಎನ್ನಿಯೋನ್‌ನ 'ಮಾಡುತ್ತಿದ್ದ' ನನಗೆ ಬರೀ ವಿನಯ ಅನಿಸುವುದಿಲ್ಲ. ಅಚ್ಚಿನ ಕೆಲಸದ ನಿಜವನ್ನೇ ಅದು ಹೇಳುತ್ತಿದೆ. ಅಚ್ಚು ಇರುವ ತನಕ ಅವನು ಮಾಡುತ್ತಲೇ ಇರುತ್ತಾನೆ.

ಈ ಬೆಳಕಿನಲ್ಲಿ ಅಮ್ಮನ ಪ್ರಶ್ನೆಗೆ ಉತ್ತರ ಸುಲಭ. ಕೊಂಡವನ ಹೆಸರು ಯಾಕಿಲ್ಲ? ಅಚ್ಚು ಕೊರೆಯುವ ಹೊತ್ತಿಗೆ ಕೊಳ್ಳುವವನು ಇನ್ನೂ ಬಂದೇ ಇಲ್ಲ. ಅವನು ಎಲ್ಲಿಯವನೋ. ಎನ್ನಿಯೋನ್‌ನ ಗಾಜು ಸೈಪ್ರಸ್‌ನಲ್ಲಿ ಸಿಕ್ಕಿದೆ. ಉತ್ತರ ಇಟಲಿಯಲ್ಲಿ ಸಾಕಷ್ಟು ಸಿಕ್ಕಿದೆ. ಕಪ್ಪು ಸಮುದ್ರದ ದಡದ ಪ್ಯಾಂಟಿಕಪೇಯಮ್‌ನಲ್ಲಿ ಸಿಕ್ಕ ಒಂದು ಪಾತ್ರೆ ಈಗ ರಷ್ಯಾದ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ. ಅಷ್ಟು ದೂರದ ಗಿರಾಕಿಗಳಿಗೆ ಒಂದೇ ಅಚ್ಚಿನಲ್ಲಿ ಜಾಗ ಬಿಡಬೇಕಾದರೆ ಹೆಸರು ಬರೆಯಲಾಗದು, 'ಕೊಳ್ಳುವವನು' ಅಂತಲೇ ಬರೆಯಬೇಕು. ನಮ್ಮ ಪಾತ್ರೆ ಅಂಗಡಿಯಲ್ಲಿ ಇದು ತಿರುಗುಮುರುಗು. ಕಾರ್ಖಾನೆಯಿಂದ ನೂರು ತಟ್ಟೆ ಒಂದೇ ಥರ ಬರುತ್ತವೆ. ಗಿರಾಕಿ ಬಂದ ಮೇಲೆ ಹುಡುಗನೊಬ್ಬ ಮೆಷಿನ್ ಹಿಡಿದು, "ಏನಂತ ಹಾಕ್ಲಿ ಅಮ್ಮಾ?" ಅಂತ ಕೇಳುತ್ತಾನೆ. ಆ ಪ್ರಶ್ನೆ ಕೇಳಿದ ಕ್ಷಣವೇ ನೂರರಲ್ಲಿ ಒಂದು ತಟ್ಟೆ ನಮ್ಮದಾಗುತ್ತೆ.

'ನೆನಪಿರಲಿ' ಅನ್ನುವುದು ಸುಮ್ನೆ ವ್ಯಾಪಾರದ ಮಾತೂ ಅಲ್ಲ. ಸಿರಿಯಾ, ಅರೇಬಿಯಾದ ಕಡೆ ಬಂಡೆಗಳ ಮೇಲೂ ಗುಡಿಗಳಲ್ಲೂ ಅರಮಾಯಿಕ್ ಭಾಷೆಯಲ್ಲಿ 'ಇಂಥವನ ನೆನಪು ಒಳ್ಳೆಯದಾಗಿರಲಿ' ಎಂಬ ಬರಹ ಎಷ್ಟೋ ಕಡೆ ಇದೆ. ದೇವರ ಮುಂದೆ ನೆನಪಾಗಲಿ ಎಂಬ ಅರ್ಥದ್ದು. ಎನ್ನಿಯೋನ್ ಎಂಬ ಹೆಸರೂ ಅರಮಾಯಿಕ್‌ನಂಥ ಭಾಷೆಗಳ ಅದೇ ಸೆಮಿಟಿಕ್ ನೆಲದ್ದು, ಗ್ರೀಕ್ ಬಟ್ಟೆ ತೊಟ್ಟಿದೆ ಎನ್ನುತ್ತಾರೆ. ಹಾಗಾದರೆ ಅವನು ತನ್ನ ಸೀಮೆಯ ಹರಕೆಯ ಮಾತನ್ನೇ ಗ್ರೀಕಿನಲ್ಲಿ ಹೇಳಿ ಗಿರಾಕಿಯ ಕೈಗೆ ಇಟ್ಟ. ಕುಡಿಯುವ ಬಟ್ಟಲಿನ ಮೇಲೆ ಒಂದು ಹರಸುವ ಮಾತು. ಇಂಥ ಹಾರೈಕೆಯ ಬಟ್ಟಲುಗಳು ಬೇರೆಯೂ ಇವೆ. 'ಕುಡಿ, ಬಾಳು' ಅಂತ ಒಂದು ಹೇಳುತ್ತದೆ. 'ಗೆಲುವನ್ನು ಹಿಡಿ' ಅಂತ ಇನ್ನೊಂದು.

ಇಷ್ಟೆಲ್ಲದರ ನಡುವೆ ಊದಿದವನ ಹೆಸರು ಜಾರಿಹೋಗುತ್ತದೆ. ಸಿಡೋನಿನ ಆರ್ಟಾಸ್ ಎಂಬವನ ಮುದ್ರೆ ಬಟ್ಟಲಿನ ಹಿಡಿಗಳ ಮೇಲೆ ಇದೆ, ಒಂದು ಕಡೆ ಗ್ರೀಕಿನಲ್ಲಿ, ಒಂದು ಕಡೆ ಲ್ಯಾಟಿನ್‌ನಲ್ಲಿ. ಬಿಸಿ ಇರುವಾಗಲೇ ಹಿಡಿಗೆ ಒತ್ತಬೇಕಾದ ಮುದ್ರೆ ಅದು, ಹಾಗಾಗಿ ಪ್ರತಿ ಸಲ ಒಂದು ಕೈ ಅಲ್ಲಿಗೆ ಬಂದಿದೆ. ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಸಿಕ್ಕ ಚೌಕ ಸೀಸೆಯ ತಳದಲ್ಲಿ ಒಬ್ಬ ಹೆಂಗಸಿನ ಹೆಸರಿದೆ. 'ಸೆಂತಿಯಾ ಸೆಕುಂದಾ ಅಕ್ವಿಲೇಯದಲ್ಲಿ ಗಾಜು ಮಾಡುತ್ತಾಳೆ.' ಅಕ್ವಿಲೇಯ ಅಂದರೆ ಉತ್ತರ ಇಟಲಿಯ ಒಂದು ಊರು. ಅದನ್ನು ಓದಿದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ಇನ್ನು ಊದುವವನನ್ನೇ ನೋಡಬೇಕೆಂದರೆ ಕ್ರೊಯೇಷಿಯಾದ ಅಸ್ಸೇರಿಯಾದಲ್ಲಿ ಸಿಕ್ಕ ಒಂದು ಮಣ್ಣಿನ ದೀಪಕ್ಕೆ ಹೋಗಬೇಕು. ಅಂಗೈಯಷ್ಟು ಹಣತೆ. ಅದರ ಮೇಲೆ ಪುಟ್ಟ ಕುಲುಮೆ, ಅದರ ಮುಂದೆ ಕೊಳವೆ ಬಾಯಿಗಿಟ್ಟು ಊದುತ್ತಿರುವ ಮನುಷ್ಯ. ಆ ಚಿತ್ರವೂ ಅಚ್ಚಿನಿಂದಲೇ ಮೂಡಿದ್ದು.

ಗೆದ್ದವರ ಹೆಸರು

ಒಂದು ತಲೆಮಾರು ದಾಟಿ ಪಶ್ಚಿಮಕ್ಕೆ ಹೋದರೆ, ಅಚ್ಚಿನ ಗಾಜಿನ ಮೇಲೆ ಹೆಸರುಗಳ ಜಾತ್ರೆಯೇ ಇದೆ. ಮೊದಲನೇ ಶತಮಾನದ ಎರಡನೇ ಅರ್ಧದಲ್ಲಿ ಈಗಿನ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಬ್ರಿಟನ್ ಕಡೆ ರಥದ ಓಟ, ಗ್ಲಾಡಿಯೇಟರ್ ಕಾಳಗದ ಚಿತ್ರವಿರುವ ಲೋಟಗಳು ಬಹಳ ನಡೆದವು. ಸೈನಿಕರ ಪಾಳೆಯಗಳಲ್ಲಿ ಇವುಗಳ ಚೂರು ಬೇಕಾದಷ್ಟು ಸಿಗುತ್ತವೆ. ಇಂಗ್ಲೆಂಡಿನ ಕೋಲ್ಚೆಸ್ಟರ್‌ನ ಸಮಾಧಿಯೊಂದರಲ್ಲಿ ಇಡಿಯಾಗಿ ಸಿಕ್ಕ ಲೋಟ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನಾಲ್ಕು ರಥಗಳು ಸುತ್ತ ಓಡುತ್ತಿವೆ. ಹಿಯೆರಾಕ್ಸ್, ಆಂಟಿಲೋಕಸ್ ಮೊದಲಾದ ಮೂವರಿಗೆ 'ಹೋಗಿ ಬಾ' ಅಂತ ಬರೆದಿದೆ. ಕ್ರೆಸೆನ್ಸ್ ಒಬ್ಬನಿಗೆ ಮಾತ್ರ ಜೈಕಾರ, ಗೆದ್ದವನು ಅವನೇ. ಗ್ಲಾಡಿಯೇಟರ್ ಲೋಟಗಳಲ್ಲಿ ಸ್ಪಿಕ್ಯುಲಸ್, ಕೊಲಂಬಸ್, ಟೆಟ್ರಾಯ್ಟಿಸ್ ಹೆಸರು ಬರುತ್ತವೆ. ಸ್ಪಿಕ್ಯುಲಸ್‌ನನ್ನು ಮೆಚ್ಚಿ ಚಕ್ರವರ್ತಿ ನೀರೋ ಮನೆ, ಆಸ್ತಿ ಕೊಟ್ಟಿದ್ದ. ಗಿರಾಕಿಗೆ ಬೇಕಾದದ್ದು ಗಾಜುಗಾರನ ಹೆಸರಲ್ಲ, ತನ್ನ ಹೆಸರೂ ಅಲ್ಲ. ತಾನು ಕೂಗಿ ಹುರಿದುಂಬಿಸಿದವನ ಹೆಸರು. ಈ ಲೋಟಗಳ ಕೆಲಸ ಒರಟು. ಜೋಡಣೆಯ ಗೆರೆ ಒಬ್ಬನ ತೋಳನ್ನೇ ಸೀಳಿಕೊಂಡು ಹೋಗಿರುತ್ತದೆ. ಕೆಲವು ಅಕ್ಷರಗಳು ಅಳಿಸಿದಂತಿವೆ. ಆದರೂ ಅಲ್ಲಿ ಒಂದು ಹುರುಪು ಇದೆ, ಅದನ್ನು ನಾನು ಕಡಿಮೆ ಅನ್ನಲಾರೆ. ಮನಸ್ಸು ಮಾತ್ರ ಸಿಡೋನಿಗೇ ಮರಳುತ್ತದೆ.

ಸುಟ್ಟ ಮನೆಯ ಹೂಜಿ

ಅವಿಗಾದ್ ಅಗೆದ ಅದೇ ಬಡಾವಣೆಯಲ್ಲಿ ಒಂದು ದೊಡ್ಡ ಮನೆ ಸಿಕ್ಕಿತು. ನೆಲಕ್ಕೆ ಬಣ್ಣದ ಕಲ್ಲಿನ ಚಿತ್ತಾರ, ಗೋಡೆಗೆ ಬಣ್ಣದ ಗಾರೆ, ಒಳಗೇ ಶುದ್ಧಿಸ್ನಾನದ ಕೊಳಗಳು. ಅನುಕೂಲಸ್ಥರ ಮನೆ, ಅರ್ಚಕ ಮನೆತನದ್ದಿರಬಹುದು. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮನ್ನು ಸುಟ್ಟಾಗ ಈ ಮನೆಯೂ ಸುಟ್ಟಿತು. ಬೂದಿಯ ಕೆಳಗೆ ಎನ್ನಿಯೋನ್‌ನ ಹೂಜಿಯೊಂದಿತ್ತು. ಒಡೆದು, ಕಾವಿಗೆ ಆಕಾರ ಕೆಟ್ಟು.

ಆ ಹೂಜಿಯ ಬಗ್ಗೆ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತಿದ್ದೆ. ಗಾಜು ಬೆಂಕಿಯಿಂದ ಹುಟ್ಟುತ್ತೆ, ನಿಜ. ಆದರೆ ಕುಲುಮೆಯಲ್ಲಿ ಅದನ್ನು ತಿರುಗಿಸುವ ಕೈ ಇರುತ್ತೆ, ಹಿಡಿದಿಡುವ ಅಚ್ಚು ಇರುತ್ತೆ. ಉರಿಯುವ ಮನೆಯಲ್ಲಿ ಎರಡೂ ಇರಲಿಲ್ಲ. ಎನ್ನಿಯೋನ್‌ನ ಹೂಜಿಗಳ ಮೇಲೆ ಅವನ ಹೆಸರು ಮಾತ್ರ ಇರುತ್ತದೆ, ಕೊಳ್ಳುವವನ ಹಾರೈಕೆ ಬಟ್ಟಲುಗಳ ಮೇಲಿನದು. ಆದರೂ ಈ ಒಂದು ಹೂಜಿಯನ್ನು ಕೊಂಡವರ ಮನೆ ಯಾವುದು ಅಂತ ನಮಗೆ ಗೊತ್ತು. ಯಾವ ಬೀದಿ, ಯಾವ ನೆಲ, ಗೋಡೆಗೆ ಯಾವ ಬಣ್ಣ ಅಂತ ಗೊತ್ತು. ಅವರ ಕೊನೆಯ ದಿನಗಳೂ ಗೊತ್ತು.

ಅಮ್ಮನಿಗೆ ಇದನ್ನು ಹೇಳಿದಾಗ ಅವಳು ಮೊದಲು ಕೇಳಿದ್ದು, "ಮನೇಲಿ ಇದ್ದೋರು ತಪ್ಪಿಸ್ಕೊಂಡ್ರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. "ಪಾಪ, ಎಷ್ಟು ಜೋಪಾನ ಮಾಡಿಟ್ಕೊಂಡಿದ್ರೋ ಏನೋ," ಅಂದಳು. ಎಷ್ಟೋ ದೂರದ ಆ ಜನ ಅಷ್ಟು ಹೊತ್ತಿಗೆ ಅವಳಿಗೆ ಪಕ್ಕದ ಮನೆಯವರಾಗಿದ್ದರು.

ಕಾರ್ನಿಂಗ್‌ನಲ್ಲಿ ಅವತ್ತು ಸಂಜೆ, ಮುಚ್ಚುವ ಹೊತ್ತಿಗೆ, ಮತ್ತೆ ಎನ್ನಿಯೋನ್‌ನ ಬಟ್ಟಲುಗಳ ಹತ್ತಿರ ಹೋದೆ. ಗಾಜಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಊದಿದವನ ಉಸಿರು ಅಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲ ಸಲ ನೋಡಿದಾಗ ಅಂದುಕೊಂಡಿದ್ದೆ. ಹಾಗಲ್ಲ. ಅವು ಗಾಜು ಕರಗುವಾಗಲೇ ಉಳಿದ ಗುಳ್ಳೆಗಳು. ಉಸಿರು ಇರುವುದು ಬೇರೆ ಕಡೆ. ಬಟ್ಟಲಿನ ಹೊರಮೈ ಅಚ್ಚಿನದು, ಅಲ್ಲಿ ಪ್ರತಿ ಎಲೆಯೂ ಚೂಪು. ಒಳಮೈ ಅಚ್ಚನ್ನು ಮುಟ್ಟಿಯೇ ಇಲ್ಲ. ಹೊರಗೆ ಉಬ್ಬಿದ ಕಡೆಯೆಲ್ಲ ಒಳಗೆ ಮೆತ್ತಗೆ ತಗ್ಗಾಗಿದೆ, ಬೆರಳಿನಿಂದ ಒತ್ತಿದ ಹಾಗೆ. ಒಂದೇ ಅಚ್ಚಿನ ಎರಡು ಬಟ್ಟಲು ತಂದರೂ ಈ ಒಳಮೈ ಒಂದೇ ಥರ ಇರುವುದಿಲ್ಲ. ಗಾಜು ಎಷ್ಟು ಬಿಸಿ ಇತ್ತು, ಊದಿದ್ದು ಎಷ್ಟು ಬಿಗಿ, ಎಷ್ಟು ಹೊತ್ತು, ಎಲ್ಲ ಅಲ್ಲಿದೆ.

ಬಟ್ಟಲಿನ ಹಿಂದಿನಿಂದ ದೀಪದ ಬೆಳಕು ಬರುತ್ತಿತ್ತು. ನಾನು ಮಂಡಿ ಬಗ್ಗಿಸಿ, ಅಂಚಿನ ಮೇಲಿಂದ ಒಳಗೆ ಇಣುಕಿದೆ. ಆಚೆ ಬದಿಯ ಅಕ್ಷರಗಳು ಗಾಜಿನ ಮೂಲಕ ಒಳಗಿನಿಂದ ಕಂಡವು. ತಿರುಗುಮುರುಗಾಗಿ. ಅಚ್ಚಿನಲ್ಲಿ ಕೊರೆದಿದ್ದೂ ಹಾಗೇ, ಬಲದಿಂದ ಎಡಕ್ಕೆ. ಎನ್ನಿಯೋನ್ ಉಳಿ ಹಿಡಿದು ಬಗ್ಗಿ ನೋಡುತ್ತಿದ್ದಾಗ ಅವನ ಹೆಸರು ಅವನಿಗೆ ಕಂಡದ್ದು ಹೀಗೆ. ಊದಿದವನಿಗೆ ಅದು ಕಂಡೇ ಇರಲಿಲ್ಲ. ಕಾವಲಿನವರು ಬಂದು ಸಮಯವಾಯಿತು ಅಂದರು. ಇನ್ನೊಂದು ನಿಮಿಷ ಅಂತ ಕೇಳಿಕೊಂಡೆ.